ಮಾಡಿದ ಕೆಲಸವೆಲ್ಲ ಎಲ್ಲಿ ಹೋಯಿತು?

ಡಿಸೆಂಬರ್ ಕೊನೆಯ ವಾರದಲ್ಲಿ ಯಾರನ್ನಾದರೂ "ಈ ವರ್ಷ ಏನೇನು ಮಾಡಿದಿರಿ?" ಎಂದು ಕೇಳಿ ನೋಡಿ. ಹೆಚ್ಚಿನವರು ತಡವರಿಸುತ್ತಾರೆ. "ಅಂಥದ್ದೇನೂ ಇಲ್ಲ, ಹೀಗೇ ಕಳೆದುಹೋಯಿತು" ಎನ್ನುತ್ತಾರೆ. ಹಾಗೆಂದವರು ವರ್ಷವಿಡೀ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಕಲಿಸಿದ ಮೇಷ್ಟ್ರಾಗಿರಬಹುದು. ಮಳೆ ಬಿಸಿಲೆನ್ನದೆ ಮನೆ ಮನೆ ತಿರುಗಿ ಗರ್ಭಿಣಿ, ಬಾಣಂತಿಯರನ್ನು ವಿಚಾರಿಸಿಕೊಂಡ ಆಶಾ ಕಾರ್ಯಕರ್ತೆಯಾಗಿರಬಹುದು. ಪಾರ್ಶ್ವವಾಯು ಬಡಿದ ತಂದೆ ಮತ್ತೆ ತಾವೇ ಎದ್ದು ನಡೆಯುವವರೆಗೆ ಕೈಹಿಡಿದು ನಡೆಸಿದ ಮಗನಾಗಿರಬಹುದು. ಅವರು ಸುಳ್ಳು ಹೇಳುತ್ತಿಲ್ಲ, ವಿನಯವನ್ನು ನಟಿಸುತ್ತಲೂ ಇಲ್ಲ. ಆ ಗಳಿಗೆಯಲ್ಲಿ ಅವರಿಗೆ ನಿಜಕ್ಕೂ ಏನೂ ಹೊಳೆಯುವುದಿಲ್ಲ.

ಹನ್ನೆರಡು ತಿಂಗಳ ದುಡಿಮೆ ಎಲ್ಲಿ ಹೋಗಿ ಅಡಗಿತು? ಕಳೆದ ಐವತ್ತು ವರ್ಷಗಳ ಸ್ಮೃತಿವಿಜ್ಞಾನ ಇದಕ್ಕೆ ಕೊಡುವ ಉತ್ತರ ನಮ್ಮಲ್ಲಿ ಬಹಳ ಜನಕ್ಕೆ ಸಮಾಧಾನ ತರುವಂಥದ್ದು. ವರ್ಷ ಖಾಲಿಯಾಗಿ ಕಾಣುವುದಕ್ಕೆ ವರ್ಷ ಖಾಲಿಯಾಗಿರಬೇಕೆಂದೇನೂ ಇಲ್ಲ. ನೆನಪು ಕೆಲಸ ಮಾಡುವ ರೀತಿಯೇ ಹಾಗೆ. ಅದರ ರೀತಿ ಗೊತ್ತಾದರೆ ಮಾಡಿದ್ದನ್ನು ಮತ್ತೆ ಹುಡುಕಿ ತೆಗೆಯಬಹುದು, ಅದರ ಬಗ್ಗೆ ಹೆಮ್ಮೆಪಡಬಹುದು. ಆ ಹೆಮ್ಮೆ ಮುಂದಿನ ವರ್ಷದ ದುಡಿಮೆಗೆ ಬಲವನ್ನೂ ಕೊಡುತ್ತದೆ.

ಲಿಂಟನ್ ಬರೆದಿಟ್ಟ ಕಾರ್ಡುಗಳು

1972ರಲ್ಲಿ ಮ್ಯಾರಿಗೋಲ್ಡ್ ಲಿಂಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ತಮ್ಮ ಮೇಲೆಯೇ ಒಂದು ಪ್ರಯೋಗ ಆರಂಭಿಸಿದರು. ಅಲ್ಲಿಯವರೆಗೆ ನೆನಪಿನ ಅಧ್ಯಯನವೆಂದರೆ ಬಹುಪಾಲು ಪ್ರಯೋಗಾಲಯದಲ್ಲಿ ಪದಗಳ ಪಟ್ಟಿ ಕೊಟ್ಟು ಒಪ್ಪಿಸಲು ಹೇಳುವುದಾಗಿತ್ತು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ಮರೆವಿನ ವೇಗವನ್ನು ಅಳೆದದ್ದನ್ನು ಪ್ರಕಟಿಸಿದಾಗಿನಿಂದ ಬಂದ ದಾರಿ ಅದು. ಲಿಂಟನ್ ಅವರಿಗೆ ತಿಳಿಯಬೇಕಾಗಿದ್ದು ಬೇರೆ: ನಾವು ಬದುಕಿದ ದಿನಗಳನ್ನು ನಾವು ಹೇಗೆ ಮರೆಯುತ್ತೇವೆ?

ಅವರು ದಿನಕ್ಕೆ ಕನಿಷ್ಠ ಎರಡು ಘಟನೆಗಳನ್ನು ಕಾರ್ಡುಗಳ ಮೇಲೆ ಚುಟುಕಾಗಿ ಬರೆದಿಟ್ಟರು. ತಿಂಗಳಿಗೊಮ್ಮೆ ಹಳೆಯ ಕಾರ್ಡುಗಳಲ್ಲಿ ಕೆಲವನ್ನು ಎತ್ತಿಕೊಂಡು, ಆ ಘಟನೆ ನೆನಪಿದೆಯೇ, ಅದು ಯಾವಾಗ ನಡೆದದ್ದು ಎಂದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ಆರು ವರ್ಷಗಳಲ್ಲಿ ಸಂಗ್ರಹ 5,500 ಘಟನೆಗಳನ್ನು ದಾಟಿತು.

ಕೆಲವು ಕಾರ್ಡುಗಳನ್ನು ಓದಿದರೆ ಏನೂ ನೆನಪಾಗುತ್ತಿರಲಿಲ್ಲ, ಇದು ನಿರೀಕ್ಷಿತವೇ. ಕುತೂಹಲಕಾರಿಯಾದದ್ದು ಇನ್ನೊಂದು ಬಗೆಯ ಮರೆವು. ಲಿಂಟನ್ ಒಂದು ಸಮಿತಿಯ ಸಭೆಗಾಗಿ ದೂರದ ಊರಿಗೆ ಆಗಾಗ ಹೋಗಬೇಕಾಗಿತ್ತು. ಮೊದಲ ಸಭೆ ಸ್ಪಷ್ಟವಾಗಿ ನೆನಪಿತ್ತು. ಸಭೆಗಳು ಹೆಚ್ಚಾದ ಹಾಗೆ ಯಾವ ಮಾತು ಯಾವ ಸಭೆಯದು, ಯಾವ ಪಯಣ ಯಾವ ತಿಂಗಳಿನದು ಎಂಬುದೆಲ್ಲ ಕಲೆಸಿಹೋಯಿತು. 'ಅಂಥ ಸಭೆಗಳಲ್ಲಿ ಏನು ನಡೆಯುತ್ತದೆ' ಎಂಬ ತಿಳಿವಳಿಕೆ ಮಾತ್ರ ಗಟ್ಟಿಯಾಯಿತು. ಬಿಡಿ ಪ್ರಸಂಗಗಳು ಕರಗಿ ಸಾಮಾನ್ಯ ಜ್ಞಾನವಾದವು.

ಲಿಂಟನ್ ಕಾರ್ಡು ಬರೆಯಲು ಶುರುಮಾಡಿದ ವರ್ಷವೇ ಕೆನಡಾದ ಎಂಡೆಲ್ ಟುಲ್ವಿಂಗ್ ಈ ಎರಡು ಬಗೆಯ ನೆನಪುಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದರು. ಒಂದು, ಇಂಥ ದಿನ ಇಂಥ ಕಡೆ ನನಗೆ ಹೀಗಾಯಿತು ಎಂಬ ಪ್ರಸಂಗದ ನೆನಪು. ಇನ್ನೊಂದು, ಎಲ್ಲಿ ಯಾವಾಗ ಕಲಿತೆವೆಂಬ ಗುರುತೇ ಇಲ್ಲದ ತಿಳಿವಳಿಕೆಯ ನೆನಪು. ಒಂದೇ ಕೆಲಸವನ್ನು ಪದೇ ಪದೇ ಮಾಡುತ್ತಾ ಹೋದರೆ ಅದು ಮೊದಲನೆಯದರಿಂದ ಎರಡನೆಯದಕ್ಕೆ ಸರಿಯುತ್ತದೆ.

ಹೀಗೆ ಸರಿಯುವುದರ ಪರಿಣಾಮವನ್ನು ವರ್ಷದ ಕೊನೆಗೆ ಹೊಂದಿಸಿ ನೋಡಿ. ಯಾವ ಕೆಲಸವನ್ನು ಅತಿ ಹೆಚ್ಚು ಸಲ, ಅತಿ ಹೆಚ್ಚು ಶ್ರದ್ಧೆಯಿಂದ ಮಾಡಿದೆವೋ ಅದೇ ಅತಿ ಬೇಗ ಮಸುಕಾಗುತ್ತದೆ. ಮೇಷ್ಟ್ರಿಗೆ ಪ್ರವಾಸ ಹೋದ ಎರಡು ದಿನ ನೆನಪಿರುತ್ತವೆ, ಪಾಠ ಮಾಡಿದ ಇನ್ನೂರು ದಿನ ಒಂದರೊಳಗೊಂದು ಸೇರಿಹೋಗುತ್ತವೆ. ಮಗುವನ್ನು ದಿನವೂ ಸಂಜೆ ಕೂರಿಸಿಕೊಂಡು ಓದು ಕಲಿಸಿದ ತಾಯಿಗೆ 'ಮಗು ಓದಲು ಕಲಿತಿತು' ಎಂಬ ಫಲವಷ್ಟೇ ಉಳಿದು, ಅದರ ಹಿಂದಿನ ನೂರಾರು ಸಂಜೆಗಳು ಮರೆಯಾಗುತ್ತವೆ. ನಮ್ಮ ನಿಜವಾದ ಸಾಧನೆಗಳೆಲ್ಲ ಬಹುಮಟ್ಟಿಗೆ ಇಂಥ ಪುನರಾವರ್ತನೆಯಿಂದ ಹುಟ್ಟಿದವು.

ದಿನಾಂಕ ಹೇಳಿದರೆ ಬಾಗಿಲು ತೆರೆಯದು

ಮೆದುಳಿನಲ್ಲಿ, ಎರಡೂ ಕಿವಿಗಳ ಒಳಭಾಗದ ನೇರಕ್ಕೆ, ಹಿಪೊಕ್ಯಾಂಪಸ್ ಎಂಬ ಜೋಡಿ ರಚನೆಯಿದೆ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಮೂರ್ಛೆರೋಗ ನಿಲ್ಲಿಸಲೆಂದು ಶಸ್ತ್ರಚಿಕಿತ್ಸೆ ಮಾಡಿ, ಈ ಭಾಗದ ದೊಡ್ಡ ಪಾಲನ್ನು ತೆಗೆದುಹಾಕಿದರು. ಆಮೇಲೆ ಆತ ಹೊಸದಾಗಿ ನಡೆದ ಯಾವುದನ್ನೂ ನೆನಪಿನಲ್ಲಿ ಉಳಿಸಿಕೊಳ್ಳಲಾರದೆ ಹೋದ. ಬದುಕಿನ ಪ್ರಸಂಗಗಳನ್ನು ದಾಖಲಿಸುವುದಕ್ಕೆ ಹಿಪೊಕ್ಯಾಂಪಸ್ ಬೇಕೇ ಬೇಕೆಂಬುದು ಆತನ ಅಧ್ಯಯನದಿಂದ ಜಗತ್ತಿಗೆ ತಿಳಿಯಿತು.

ಒಂದು ಘಟನೆಯ ನೋಟ, ಸದ್ದು, ವಾಸನೆ, ಮಾತು ಇವೆಲ್ಲ ಮೆದುಳಿನ ಹೊರಪದರದ ಬೇರೆ ಬೇರೆ ಭಾಗಗಳಲ್ಲಿ ದಾಖಲಾಗುತ್ತವೆ. ಅವನ್ನೆಲ್ಲ ಒಂದೇ ಪ್ರಸಂಗವಾಗಿ ಕಟ್ಟಿಡುವುದು ಹಿಪೊಕ್ಯಾಂಪಸ್‌ನ ಕೆಲಸ. ಮುಂದೆ ಎಂದಾದರೂ ಅದರ ಒಂದು ತುಣುಕು ಎದುರಾದರೆ ಈ ಕಟ್ಟಿನ ಮೂಲಕ ಉಳಿದ ತುಣುಕುಗಳೂ ಎಚ್ಚರಗೊಳ್ಳುತ್ತವೆ. ಹಳೆಯ ಸಹಪಾಠಿಯ ಮುಖ ಕಂಡ ಕೂಡಲೇ ಹಾಸ್ಟೆಲಿನ ಊಟದ ಮನೆ, ಅಲ್ಲಿನ ಗದ್ದಲ, ಸಾರಿನ ಘಮ ಎಲ್ಲವೂ ಒಟ್ಟಿಗೆ ನುಗ್ಗಿಬರುವುದು ಇದರಿಂದಲೇ.

ಹಾಗಾದರೆ ನೆನಪನ್ನು ಎಬ್ಬಿಸಲು ಯಾವ ತುಣುಕು ಒಳ್ಳೆಯದು? ಡಚ್ ಮನಶ್ಶಾಸ್ತ್ರಜ್ಞ ವಿಲ್ಲೆಮ್ ವಾಗೆನಾರ್ ಇದನ್ನು ಅಳೆದರು. ಅವರೂ ಆರು ವರ್ಷ ತಮ್ಮ ಬದುಕಿನ ಸುಮಾರು 2,400 ಘಟನೆಗಳನ್ನು ದಾಖಲಿಸಿದರು. ಪ್ರತಿಯೊಂದಕ್ಕೂ ಏನು ನಡೆಯಿತು, ಯಾರಿದ್ದರು, ಎಲ್ಲಿ, ಯಾವಾಗ ಎಂದು ನಾಲ್ಕು ಸುಳಿವುಗಳನ್ನು ಬರೆದಿಟ್ಟರು. ಆಮೇಲೆ ಒಂದೊಂದೇ ಸುಳಿವನ್ನು ನೋಡುತ್ತಾ ಉಳಿದದ್ದು ನೆನಪಾಗುತ್ತದೆಯೇ ಎಂದು ಪರೀಕ್ಷಿಸಿಕೊಂಡರು. 1986ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: 'ಏನು' ಎಂಬುದು ಅತ್ಯುತ್ತಮ ಸುಳಿವು, 'ಯಾರು', 'ಎಲ್ಲಿ' ಅದರ ನಂತರದವು. 'ಯಾವಾಗ' ಎಂಬ ಸುಳಿವೊಂದನ್ನೇ ಕೊಟ್ಟರೆ ಪ್ರಯೋಜನ ತೀರಾ ಕಡಿಮೆ.

ಕಾರಣ ಊಹಿಸುವುದು ಕಷ್ಟವಲ್ಲ. ಮುಖಕ್ಕೆ, ಜಾಗಕ್ಕೆ, ಕೆಲಸಕ್ಕೆ ರೂಪವಿದೆ. ಅವು ಪ್ರಸಂಗದೊಳಗೇ ಇದ್ದವು. ದಿನಾಂಕ ಹೊರಗಿನಿಂದ ಅಂಟಿಸಿದ ಸಂಖ್ಯೆ. ಈಗ ನಮ್ಮ ಡಿಸೆಂಬರಿನ ಪ್ರಶ್ನೆಯನ್ನು ಮತ್ತೆ ಗಮನಿಸಿ. "ಈ ವರ್ಷ ಏನು ಮಾಡಿದೆ?" ಎಂದು ಕೇಳಿಕೊಳ್ಳುವಾಗ ನಾವು ನೆನಪಿಗೆ ಕೊಡುತ್ತಿರುವುದು ಒಂದು ಇಸವಿಯನ್ನು ಮಾತ್ರ. ಇರುವುದರಲ್ಲೇ ಅತಿ ದುರ್ಬಲ ಸುಳಿವು ಕೊಟ್ಟು, ಉತ್ತರ ಬರಲಿಲ್ಲವೆಂದು ವರ್ಷವನ್ನೇ ಹಳಿಯುತ್ತೇವೆ. "ಈ ವರ್ಷ ಯಾರ ಜೊತೆ ಕೆಲಸ ಮಾಡಿದೆ? ಯಾವ ಯಾವ ಜಾಗಕ್ಕೆ ಹೋಗಿದ್ದೆ? ಹಿಂದೆ ಬಾರದೆ ಇದ್ದ ಯಾವ ಕೆಲಸ ಈಗ ಕೈಗೆ ಬಂದಿದೆ?" ಎಂದು ಕೇಳಿಕೊಂಡರೆ ಬರುವ ಉತ್ತರವೇ ಬೇರೆ.

ವಾಗೆನಾರ್ ಅವರ ಅಧ್ಯಯನದ ಇನ್ನೊಂದು ಭಾಗ ನನಗೆ ಬಹಳ ಮೆಚ್ಚುಗೆಯಾದದ್ದು. ನಾಲ್ಕೂ ಸುಳಿವು ಕೊಟ್ಟರೂ ಕೆಲವು ಘಟನೆಗಳು ಅವರಿಗೆ ನೆನಪಾಗಲೇ ಇಲ್ಲ. ಅಂಥ ಹತ್ತು ಘಟನೆಗಳನ್ನು ಆರಿಸಿಕೊಂಡು, ಆಗ ಜೊತೆಗಿದ್ದವರನ್ನು ವಿಚಾರಿಸಿದರು. ಅವರು ಹೇಳಿದ ಹೊಸ ವಿವರಗಳು ಕಿವಿಗೆ ಬಿದ್ದಾಗ ಹತ್ತೂ ಘಟನೆಗಳು ಮರಳಿ ಬಂದವು. ಮರೆತುಹೋಯಿತೆಂದು ನಾವು ಕೈಬಿಟ್ಟದ್ದು ಎಷ್ಟೋ ಸಲ ಒಳಗೇ ಇರುತ್ತದೆ. ಜೊತೆಯಲ್ಲಿದ್ದವರ ಒಂದು ಮಾತು ಅದನ್ನು ಹೊರಗೆ ತರಬಲ್ಲದು.

ಬೈಗುಳ ಉಳಿಯುತ್ತದೆ, ಮುಗಿದ ಕೆಲಸ ಜಾರುತ್ತದೆ

ಮರೆವು ಎಲ್ಲದಕ್ಕೂ ಸಮನಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಅದು ಸಮನಲ್ಲ, ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಭಾವೋದ್ವೇಗ. ಭಯ, ಅವಮಾನ, ಸಿಟ್ಟು ಉಂಟಾದಾಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ಹರಿಯುತ್ತವೆ, ಹಿಪೊಕ್ಯಾಂಪಸ್‌ನ ಪಕ್ಕದಲ್ಲೇ ಇರುವ ಅಮಿಗ್ಡಲ ಎಂಬ ಭಾಗ ಚುರುಕಾಗುತ್ತದೆ, ಆ ಹೊತ್ತಿನ ನೆನಪು ಆಳವಾಗಿ ಊರುತ್ತದೆ. ಜೇಮ್ಸ್ ಮೆಕ್‌ಗಾ ಎಂಬ ಅಮೆರಿಕದ ವಿಜ್ಞಾನಿ ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದರು. ಅಪಾಯವನ್ನು ಮರೆಯದ ಪ್ರಾಣಿಯೇ ಬದುಕುಳಿಯುತ್ತದೆಯಾದ್ದರಿಂದ ಈ ವ್ಯವಸ್ಥೆ ನಮ್ಮ ಪೂರ್ವಜರನ್ನು ಕಾಪಾಡಿದೆ. ಆದರೆ ಅದೇ ವ್ಯವಸ್ಥೆಯಿಂದ ಮೇಲಧಿಕಾರಿಯ ಒಂದು ಬೈಗುಳ ವರ್ಷವಿಡೀ ಕಿವಿಯಲ್ಲಿರುತ್ತದೆ, ಸಲೀಸಾಗಿ ಮುಗಿಸಿಕೊಟ್ಟ ನೂರು ಕೆಲಸಗಳು ಗುರುತಿಲ್ಲದೆ ಹೋಗುತ್ತವೆ.

ಎರಡನೆಯ ಕಾರಣ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕ. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮೆದುಳಿನ ಡೋಪಮಿನ್ ನರಕೋಶಗಳ ಚಟುವಟಿಕೆಯನ್ನು ದಾಖಲಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಆ ಕೋಶಗಳು ಜೋರಾಗಿ ಮಿಡಿದವು. ಇಂಥ ಸೂಚನೆಯ ನಂತರ ರಸ ಬರುತ್ತದೆಂದು ಮಂಗ ಕಲಿತ ಮೇಲೆ, ರಸ ಬಂದಾಗ ಅವು ಹೆಚ್ಚೇನೂ ಮಿಡಿಯಲಿಲ್ಲ. ರಸ ಅಷ್ಟೇ ಇತ್ತು, ಅಚ್ಚರಿ ಹೋಗಿತ್ತು. ಐವತ್ತನೇ ವಯಸ್ಸಿನಲ್ಲಿ ಸ್ಕೂಟರ್ ಕಲಿತವರಿಗೆ ಮೊದಲ ದಿನ ಪೇಟೆಯವರೆಗೆ ಹೋಗಿ ಬಂದದ್ದು ದೊಡ್ಡ ಹಬ್ಬ. ಆರು ತಿಂಗಳಾದ ಮೇಲೆ ಅದು ಬರೀ ಪೇಟೆಗೆ ಹೋಗುವುದು. ಕಲಿತದ್ದು ನಮ್ಮದಾದಷ್ಟೂ ಅದು ಸಾಧನೆಯೆಂದು ಅನಿಸುವುದು ನಿಲ್ಲುತ್ತದೆ.

ಮೂರನೆಯದು, ಅರ್ಧಕ್ಕೆ ನಿಂತ ಕೆಲಸದ ಸೆಳೆತ. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಅವರ ವಿದ್ಯಾರ್ಥಿನಿ ಬ್ಲೂಮಾ ಜೈಗಾರ್ನಿಕ್, ಮುಗಿದ ಕೆಲಸಕ್ಕಿಂತ ನಡುವೆ ತಡೆದ ಕೆಲಸವೇ ಹೆಚ್ಚು ನೆನಪಿರುತ್ತದೆಂದು ವರದಿ ಮಾಡಿದರು. ಮುಂದೆ ಬೇರೆ ಪ್ರಯೋಗಗಳಲ್ಲಿ ಈ ಫಲಿತಾಂಶ ಎಲ್ಲ ಸಲವೂ ಮರುಕಳಿಸಲಿಲ್ಲ. ಆದರೆ ಅದೇ ಗುಂಪಿನ ಮರಿಯಾ ಒವ್ಸಿಯಾಂಕಿನಾ ಕಂಡದ್ದು ಗಟ್ಟಿಯಾಗಿ ನಿಂತಿದೆ: ಅರ್ಧಕ್ಕೆ ನಿಂತ ಕೆಲಸದತ್ತ ಜನ ಯಾರೂ ಹೇಳದಿದ್ದರೂ ಮರಳುತ್ತಾರೆ. ಕಟ್ಟಿ ಮುಗಿಸಿದ ಮನೆಯಲ್ಲಿ ಕೂತು ಹಾಕಿಸದೆ ಉಳಿದ ಕಾಂಪೌಂಡಿನ ಬಗ್ಗೆಯೇ ಮಾತಾಡುವವರನ್ನು ನಾವೆಲ್ಲ ಕಂಡಿದ್ದೇವೆ.

ಇವೆಲ್ಲಕ್ಕೆ ಎದುರಾಗಿ ಒಂದು ಒಳ್ಳೆಯ ಸುದ್ದಿಯೂ ಇದೆ. ಕಹಿ ಘಟನೆಗಳ ನೋವು, ಸಿಹಿ ಘಟನೆಗಳ ಸಂತೋಷಕ್ಕಿಂತ ಬೇಗ ಮಾಸುತ್ತದೆ. ಡೈರಿ ಬರೆದವರ ಮೇಲೆ ನಡೆದ ಹಲವು ಅಧ್ಯಯನಗಳಲ್ಲಿ ಇದು ಕಂಡುಬಂದಿದೆ. ಬಿದ್ದದ್ದು ನೆನಪಿದ್ದರೂ ಬಿದ್ದಾಗಿನ ಉರಿ ಇಳಿದಿರುತ್ತದೆ, ಗೆದ್ದಾಗಿನ ಬಿಸುಪು ಇನ್ನೂ ಇರುತ್ತದೆ. ಹಾಗಾಗಿ ವರ್ಷದ ಕೊನೆ ಹಿಂದಿರುಗಿ ನೋಡಲು ಒಳ್ಳೆಯ ಸಮಯವೇ, ನೋಡುವ ಶ್ರಮ ಪಟ್ಟರೆ.

ಹೆಮ್ಮೆ ಎಂಬ ಭಾವ

'ತುಂಬಿದ ಕೊಡ ತುಳುಕುವುದಿಲ್ಲ' ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಮಾಡಿದ್ದನ್ನು ಹೇಳಿಕೊಂಡರೆ ಜಂಬ ಎನ್ನುತ್ತಾರೆ, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಈ ಎಚ್ಚರಿಕೆಯಲ್ಲಿ ವಿವೇಕವಿದೆ. ಆದರೆ ಊರ ಮುಂದೆ ಮೆರೆಯುವುದಕ್ಕೂ ತನ್ನ ದುಡಿಮೆಯನ್ನು ತಾನು ಗುರುತಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ, ಅದನ್ನು ವಿಜ್ಞಾನವೂ ಗುರುತಿಸಿದೆ.

ಮನಶ್ಶಾಸ್ತ್ರಜ್ಞರಾದ ಜೆಸಿಕಾ ಟ್ರೇಸಿ ಮತ್ತು ಡೇವಿಡ್ ಮತ್ಸುಮೊಟೊ 2004ರ ಅಥೆನ್ಸ್ ಒಲಿಂಪಿಕ್ಸ್ ಹಾಗೂ ಪ್ಯಾರಾಲಿಂಪಿಕ್ಸ್‌ನ ಜೂಡೋ ಪಂದ್ಯಗಳ ಛಾಯಾಚಿತ್ರಗಳನ್ನು ಪರಿಶೀಲಿಸಿದರು. ಗೆದ್ದವರು ಎದೆಯುಬ್ಬಿಸುತ್ತಾರೆ, ತಲೆ ಎತ್ತುತ್ತಾರೆ, ಕೈಗಳನ್ನು ಮೇಲೆತ್ತುತ್ತಾರೆ. ದೇಶ ಯಾವುದಾದರೂ ಸರಿ. ಹುಟ್ಟಿನಿಂದಲೇ ಕಣ್ಣು ಕಾಣದ ಆಟಗಾರರೂ ಹಾಗೆಯೇ ಮಾಡಿದ್ದರು. ಬೇರೊಬ್ಬರ ಗೆಲುವಿನ ಭಂಗಿಯನ್ನು ಒಮ್ಮೆಯೂ ನೋಡಿರದವರು ಅವರು. ಹೆಮ್ಮೆ ಕಲಿತ ಚಾಳಿಯಲ್ಲ, ಹುಟ್ಟಿನಿಂದ ಬಂದ ಭಾವ ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಟ್ರೇಸಿ ಮತ್ತು ರಿಚರ್ಡ್ ರಾಬಿನ್ಸ್ ಹೆಮ್ಮೆಯಲ್ಲಿ ಎರಡು ಬಗೆಯಿದೆಯೆಂದು 2007ರಲ್ಲಿ ತೋರಿಸಿಕೊಟ್ಟರು. 'ನಾನು ಶ್ರಮಪಟ್ಟೆ, ಹಾಗಾಗಿ ಇದಾಯಿತು' ಎಂಬುದು ಒಂದು. 'ನಾನೇ ಅಂಥವನು, ಹಾಗಾಗಿ ಇದಾಯಿತು' ಎಂಬುದು ಇನ್ನೊಂದು. ಮೊದಲನೆಯದು ಆತ್ಮಗೌರವದ ಜೊತೆ, ಇತರರೊಂದಿಗೆ ಹೊಂದಿ ಬಾಳುವ ಗುಣದ ಜೊತೆ ಕಾಣಿಸಿಕೊಳ್ಳುತ್ತದೆ. ಎರಡನೆಯದು ಅಹಂಕಾರದ ಕಡೆಗೆ ವಾಲುತ್ತದೆ. ನಮ್ಮ ಹಿರಿಯರು ಬೇಡವೆಂದದ್ದು ಎರಡನೆಯದನ್ನು. ಅದರ ಭಯದಲ್ಲಿ ಮೊದಲನೆಯದನ್ನೂ ಬಿಟ್ಟರೆ ದೊಡ್ಡ ನಷ್ಟ.

ಆ ನಷ್ಟ ಎಂಥದ್ದೆಂದು 2008ರಲ್ಲಿ ಲೀಸಾ ವಿಲಿಯಮ್ಸ್ ಮತ್ತು ಡೇವಿಡ್ ಡಿಸ್ಟೆನೊ ನಡೆಸಿದ ಪ್ರಯೋಗ ತೋರಿಸುತ್ತದೆ. ಒಂದು ಪರೀಕ್ಷೆ ಬರೆದವರ ಪೈಕಿ ಕೆಲವರಲ್ಲಿ ಮೆಚ್ಚುಗೆಯ ಮಾತುಗಳಿಂದ ಹೆಮ್ಮೆ ಮೂಡಿಸಿದರು. ಬಳಿಕ ಎಲ್ಲರಿಗೂ ಬೇಸರ ತರಿಸುವಂಥ ಒಂದು ಕೆಲಸ ಕೊಟ್ಟು, ಸಾಕೆನಿಸಿದಾಗ ನಿಲ್ಲಿಸಬಹುದು ಎಂದರು. ಹೆಮ್ಮೆ ಮೂಡಿದವರು ಉಳಿದವರಿಗಿಂತ ಹೆಚ್ಚು ಹೊತ್ತು ಆ ಕೆಲಸದಲ್ಲಿ ತೊಡಗಿದ್ದರು. ಹೆಮ್ಮೆಪಟ್ಟರೆ ಮೈಗಳ್ಳತನ ಬರುತ್ತದೆ ಎಂಬ ಅಂಜಿಕೆಗೆ ಇದು ನೇರ ಉತ್ತರ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಇದಕ್ಕೆ ಹತ್ತಿರದ ಮಾತು ಹೇಳಿದ್ದರು: 'ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಹುಟ್ಟುವ ದಾರಿಗಳಲ್ಲಿ, ಹಿಂದೆ ತಾನೇ ಮಾಡಿ ಗೆದ್ದ ಅನುಭವದಷ್ಟು ಬಲವಾದದ್ದು ಇನ್ನೊಂದಿಲ್ಲ. ಅಂಥ ಅನುಭವ ಮರೆತುಹೋದರೆ ಆ ನಂಬಿಕೆಗೆ ಆಧಾರವೇ ಇರುವುದಿಲ್ಲ.

ಹೊಸ ವರ್ಷದ ಹೊಸ ನಾನು

ಹೆಂಗ್‌ಚೆನ್ ಡೈ, ಕೇಟಿ ಮಿಲ್ಕ್‌ಮನ್, ಜೇಸನ್ ರೀಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾರದ, ತಿಂಗಳ, ವರ್ಷದ ಆರಂಭದಲ್ಲಿ ಜನ ಜಿಮ್ಮಿಗೆ ಹೋಗುವುದು, ಗೂಗಲ್‌ನಲ್ಲಿ ಪಥ್ಯದ ಬಗ್ಗೆ ಹುಡುಕುವುದು ಹೆಚ್ಚುತ್ತದೆ. ಕಾಲದಲ್ಲಿ ಒಂದು ಗೆರೆ ಎಳೆದುಕೊಂಡಾಗ ಸೋಲುಗಳು ಆಚೆಯ ಹಳೆಯ ವ್ಯಕ್ತಿಗೆ ಸೇರಿದವೆನಿಸಿ, ಈಚೆಗೆ ಹೊಸ ಹುರುಪು ಬರುತ್ತದೆ ಎಂಬುದು ಅವರ ವಿವರಣೆ. ಯುಗಾದಿಯ ದಿನ ಬೇವುಬೆಲ್ಲ ತಿಂದು ಹೊಸದನ್ನು ಶುರುಮಾಡುವ ನಮಗೆ ಈ ಹುರುಪು ಹೊಸದಲ್ಲ.

ಆದರೆ ಗೆರೆ ಎಳೆಯುವಾಗ ಒಂದು ಎಚ್ಚರ ಬೇಕು. ಸೋಲಿನ ಜೊತೆ ಸಾಧನೆಯೂ ಆಚೆಗೇ ಉಳಿದುಬಿಟ್ಟರೆ ಜನವರಿ ಒಂದರಂದು ಸಂಕಲ್ಪ ಮಾಡುವವನು ಬರಿಗೈಯಲ್ಲಿ ನಿಂತಿರುತ್ತಾನೆ. ಹಳೆಯ ವರ್ಷದಲ್ಲಿ ದಿನವೂ ನಡೆದು ಸಕ್ಕರೆಯನ್ನು ಹತೋಟಿಗೆ ತಂದುಕೊಂಡ ವ್ಯಕ್ತಿ ನಾನೇ ಎಂದು ತಿಳಿದವರಿಗೆ ಹೊಸ ಸಂಕಲ್ಪ ಒಂದು ಮುಂದುವರಿಕೆ. ಸಂಕಲ್ಪದ ಪಟ್ಟಿಗಿಂತ ಮೊದಲು ಸಾಧನೆಯ ಪಟ್ಟಿ ಬರೆಯಬೇಕು.

ಪಟ್ಟಿಯಲ್ಲಿ ಯಾರ ಹೆಸರಿರಬೇಕು

ಸ್ವಂತ ಸಾಧನೆಯ ಲೆಕ್ಕ ಬರೆಯುವಾಗ ಕೈ ಜಾರುವ ಜಾಗವೊಂದಿದೆ. 1979ರಲ್ಲಿ ಕೆನಡಾದ ಮೈಕಲ್ ರಾಸ್ ಮತ್ತು ಫಿಯೋರೆ ಸಿಕೋಲಿ 37 ದಂಪತಿಗಳನ್ನು ಕೇಳಿದರು: ಅಡುಗೆ, ಮಕ್ಕಳ ಪಾಲನೆ ಮೊದಲಾದ 20 ಮನೆಗೆಲಸಗಳಲ್ಲಿ ನಿಮ್ಮ ಪಾಲೆಷ್ಟು? ಗಂಡ, ಹೆಂಡತಿ ಬೇರೆ ಬೇರೆಯಾಗಿ ಕೊಟ್ಟ ಉತ್ತರಗಳನ್ನು ಕೂಡಿದಾಗ ಬಹಳಷ್ಟು ಕಡೆ ಮೊತ್ತ ಶೇಕಡಾ ನೂರನ್ನು ಮೀರಿತು. ಜಗಳ ಹಚ್ಚುವಂಥ ಕೆಟ್ಟ ಕೆಲಸಗಳಲ್ಲೂ ಜನ ತಮ್ಮ ಪಾಲನ್ನು ಹೆಚ್ಚಾಗಿಯೇ ಹೇಳಿದ್ದರು. ಹಾಗಾಗಿ ಬರೀ ಸ್ವಪ್ರಶಂಸೆ ಇದಕ್ಕೆ ಕಾರಣವಲ್ಲ. ನಾನು ಪಾತ್ರೆ ತೊಳೆದದ್ದು ನನ್ನ ನೆನಪಿನಲ್ಲಿದೆ. ನಾನು ಮಲಗಿದ ಮೇಲೆ ಇನ್ನೊಬ್ಬರು ಮಾಡಿದ ಕೆಲಸ ನನ್ನ ನೆನಪಿಗೆ ಬರುವುದು ಹೇಗೆ?

ಪರಿಹಾರ ವಾಗೆನಾರ್ ಅವರ 'ಯಾರು' ಎಂಬ ಸುಳಿವಿನಲ್ಲೇ ಇದೆ. ಪ್ರತಿ ಸಾಧನೆಯ ಎದುರಿಗೆ ಅದರಲ್ಲಿ ಕೈಜೋಡಿಸಿದವರ ಹೆಸರು ಬರೆದರೆ ಎರಡು ಲಾಭ. ನೆನಪು ತುಂಬಿ ಬರುತ್ತದೆ, ಲೆಕ್ಕವೂ ಪ್ರಾಮಾಣಿಕವಾಗುತ್ತದೆ. ಮೇಷ್ಟ್ರ ಪಟ್ಟಿಯಲ್ಲಿ ಪ್ರಶ್ನೆ ಕೇಳಿ ಕೇಳಿ ಪಾಠವನ್ನು ಚೆನ್ನಾಗಿಸಿದ ಹುಡುಗಿಯ ಹೆಸರಿರಲಿ. ತಂದೆಯನ್ನು ನಡೆಸಿದ ಮಗನ ಪಟ್ಟಿಯಲ್ಲಿ ವ್ಯಾಯಾಮ ಹೇಳಿಕೊಟ್ಟ ಫಿಸಿಯೋಥೆರಪಿಸ್ಟ್ ಇರಲಿ, ರಾತ್ರಿ ಸರದಿ ಹೊತ್ತ ಹೆಂಡತಿಯಿರಲಿ, ಎಲ್ಲರಿಗಿಂತ ಮೊದಲು ಹಟ ಬಿಡದ ತಂದೆಯೇ ಇರಲಿ.

ಡಾರ್ವಿನ್ನನ ಪುಸ್ತಕ

1838ರ ಆಗಸ್ಟಿನಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ಸಣ್ಣ ಪುಸ್ತಕದಲ್ಲಿ ತನ್ನ ಕೆಲಸದ ವಿವರಗಳನ್ನು ಗುರುತು ಹಾಕಲು ತೊಡಗಿದ. ಯಾವುದನ್ನು ಎಂದು ಆರಂಭಿಸಿದೆ, ಎಂದು ಮುಗಿಸಿದೆ, ಕಾಯಿಲೆಯಿಂದ ಎಷ್ಟು ಕಾಲ ಕಳೆದುಹೋಯಿತು ಎಂಬ ಚುಟುಕು ಟಿಪ್ಪಣಿಗಳವು. 1881ರವರೆಗೂ ಇದು ನಡೆಯಿತು. ನಡುವೆ 1846ರಿಂದ 1854ರವರೆಗೆ, ಸುಮಾರು ಎಂಟು ವರ್ಷ, ಆತ ಸಮುದ್ರದ ಬಂಡೆಗಳಿಗೆ ಅಂಟಿಕೊಳ್ಳುವ ಬಾರ್ನಕಲ್ ಎಂಬ ಜೀವಿಗಳನ್ನು ಸೀಳಿ, ನೋಡಿ, ವಿಂಗಡಿಸುತ್ತಾ ಕಳೆದ. ದಿನದಿನಕ್ಕೆ ಹೊಸತೇನೂ ಕಾಣದ ಕೆಲಸ. ಜೀವಜಾತಿಯೊಂದರ ಒಳಗೆ ಎಷ್ಟೊಂದು ವೈವಿಧ್ಯವಿದೆ ಎಂಬುದು ಆತನಿಗೆ ಮನವರಿಕೆಯಾದದ್ದು ಅಲ್ಲೇ. 1859ರಲ್ಲಿ ಬಂದ ಜೀವವಿಕಾಸದ ಮಹಾಗ್ರಂಥಕ್ಕೆ ಆ ಎಂಟು ವರ್ಷಗಳ ಅರಿವು ಒದಗಿತು. ಅಂಥ ವರ್ಷಗಳನ್ನು ಬರೀ ನೆನಪಿನಿಂದ ಅಳೆದಿದ್ದರೆ ಅವು ಖಾಲಿಯಾಗಿಯೇ ಕಂಡಿರುತ್ತಿದ್ದವು. ಆ ಸಣ್ಣ ಪುಸ್ತಕದಲ್ಲಿ ಅವು ಹೆಜ್ಜೆ ಹೆಜ್ಜೆಯಾಗಿ ಉಳಿದಿವೆ.

ನಮ್ಮ ಕಾಲದಲ್ಲಿ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ನೌಕರರಿಂದ ಸುಮಾರು 12,000 ದಿನಚರಿ ಟಿಪ್ಪಣಿಗಳನ್ನು ಸಂಗ್ರಹಿಸಿ ಓದಿದರು. ಉತ್ಸಾಹದಿಂದ ತುಂಬಿದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಸಂಗತಿಯೆಂದರೆ, ಅರ್ಥವುಳ್ಳ ಕೆಲಸವೊಂದರಲ್ಲಿ ಒಂದು ಹೆಜ್ಜೆ ಮುಂದೆ ಹೋದ ಅನುಭವ. ಹೆಜ್ಜೆ ಸಣ್ಣದಾದರೂ ಸಾಕಿತ್ತು. ಟಿಂಗ್ ಜಾಂಗ್ ಮತ್ತು ಸಂಗಡಿಗರು 2014ರಲ್ಲಿ ಇನ್ನೊಂದನ್ನು ತೋರಿಸಿದರು. ವಿದ್ಯಾರ್ಥಿಗಳು ಆಗಿನ ಮಾತುಕತೆ, ಕೇಳುತ್ತಿದ್ದ ಹಾಡುಗಳಂಥ ಮಾಮೂಲಿ ವಿವರಗಳನ್ನು ಬರೆದಿಟ್ಟು ಕೆಲವು ತಿಂಗಳ ನಂತರ ಓದಿದಾಗ, ಅವು ತಾವು ಮೊದಲೇ ಊಹಿಸಿದ್ದಕ್ಕಿಂತ ಹೆಚ್ಚು ಕುತೂಹಲಕರವಾಗಿ ಕಂಡವು. ಇಂದು ಸಪ್ಪೆಯೆನಿಸಿದ್ದರ ನಾಳೆಯ ಬೆಲೆ ನಮಗೆ ಇಂದು ತಿಳಿಯುವುದಿಲ್ಲ.

ಆದ್ದರಿಂದ ಈ ವರ್ಷ ಮುಗಿಯುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಫೋನಿನ ಫೋಟೋಗಳು, ಕರೆಂಟ್ ಬಿಲ್ಲಿನ ಹಿಂದೆ ಗೀಚಿದ ಲೆಕ್ಕ, ಬಸ್ಸು ರೈಲಿನ ಟಿಕೆಟ್, ಆಸ್ಪತ್ರೆಯ ಚೀಟಿ, ಹಾಜರಿ ಪುಸ್ತಕ, ಏನಿದ್ದರೂ ಮುಂದಿಟ್ಟುಕೊಳ್ಳಿ. ಏನು ಕಲಿತೆ, ಯಾರ ಜೊತೆ ಮಾಡಿದೆ, ಎಲ್ಲಿ ಮಾಡಿದೆ, ಯಾವುದನ್ನು ದಿನವೂ ಬಿಡದೆ ಮಾಡಿದೆ ಎಂದು ಬರೆಯಿರಿ. ಕೊನೆಯ ಪ್ರಶ್ನೆಗೆ ಹೆಚ್ಚು ಜಾಗ ಬಿಡಿ. ನೆನಪು ಹೆಚ್ಚಾಗಿ ಕರಗಿಸಿಬಿಡುವುದು ಅದನ್ನೇ. ಬರೆದ ಮೇಲೆ ಪಟ್ಟಿಯಲ್ಲಿರುವವರಲ್ಲಿ ಒಬ್ಬರಿಗಾದರೂ ಫೋನ್ ಮಾಡಿ, ನಿಮ್ಮಿಂದ ಇದಾಯಿತು ಎಂದು ಹೇಳಿ. ನೀವು ಮರೆತ ಇನ್ನೆರಡು ಸಂಗತಿಗಳನ್ನು ಅವರೇ ನೆನಪಿಸುತ್ತಾರೆ. ಹೊಸ ಪುಸ್ತಕದ ಮೊದಲ ಪುಟದಲ್ಲಿ ಜನವರಿಯ ಮೊದಲ ವಾರದ ಕೆಲಸವನ್ನು ಗುರುತು ಹಾಕಿ, ಮುಂದಿನ ಡಿಸೆಂಬರಿನಲ್ಲಿ ಇದೇ ಪ್ರಶ್ನೆ ಎದುರಾದಾಗ ಉತ್ತರ ಕೈಯಲ್ಲೇ ಇರಲಿ.